ನೌರುವಿನ ಜನ ಯಾಕೆ ಬೇಗ ಸಾಯುತ್ತಾರೆ?

ಮಳೆಗಾಲ ಕಳೆದ ಮೇಲೆ ಮಂಗಳೂರಿನ ಹಳೆ ಬಂದರಿಗೆ ಹೋದರೆ, ಧಕ್ಕೆಯಲ್ಲಿ ಮಂಜಿಗಳು, ಅಂದರೆ ಸರಕಿನ ನಾಡಹಡಗುಗಳು, ಸರಕು ತುಂಬಿಸಿಕೊಳ್ಳುವುದು ಕಾಣುತ್ತದೆ. ಅಕ್ಕಿ ಮೂಟೆ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ, ಬಿಸ್ಕೆಟ್ ಪೆಟ್ಟಿಗೆ. ಎಲ್ಲವೂ ಲಕ್ಷದ್ವೀಪಕ್ಕೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಾಗಾಗಿ ನಮ್ಮ ಕಡೆಯವರಿಗೆ ಈ ಹೆಸರುಗಳು ಹೊಸವಲ್ಲ.

ಆ ಮಂಜಿಗಳನ್ನು ನೋಡುವಾಗೆಲ್ಲ ನನಗೆ ಒಂದೇ ಯೋಚನೆ ಬರುತ್ತದೆ. ದ್ವೀಪದವರು ಏನು ತಿನ್ನುತ್ತಾರೆ ಅನ್ನುವುದು ಹಡಗಿನ ಮೇಲೆ ನಿಂತಿದೆ. ಹಾಗಾದರೆ ಅವರು ಯಾವುದರಿಂದ ಸಾಯುತ್ತಾರೆ ಅನ್ನುವುದೂ ಹಡಗಿನ ಮೇಲೇ ನಿಂತಿರಬಹುದಲ್ವಾ?

ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಪೆಸಿಫಿಕ್ ಸಾಗರದ ನೌರುವಿಗೆ ಬಂದು ನಿಲ್ಲುತ್ತೇವೆ. ಭೂಮಧ್ಯರೇಖೆಯಿಂದ ಸ್ವಲ್ಪವೇ ದಕ್ಷಿಣಕ್ಕಿರುವ ಒಂಟಿ ದ್ವೀಪ. ಹತ್ತಿರದ ನೆರೆಯೆಂದರೆ 300 ಕಿಲೋಮೀಟರ್ ದೂರದ ಬನಾಬ. ನೌರುವಿನ ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರ್. ಬೆಂಗಳೂರಿನ ವಿಮಾನ ನಿಲ್ದಾಣದ ಜಾಗಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. 2021ರ ಗಣತಿಯಲ್ಲಿ ಸಿಕ್ಕ ಜನಸಂಖ್ಯೆ 11,680. ನಮ್ಮಲ್ಲಿ ಒಂದು ದೊಡ್ಡ ಹೋಬಳಿ ಊರಿನಷ್ಟು ಜನ. ಆದರೆ ಅದು ಸ್ವತಂತ್ರ ದೇಶ. ಅದಕ್ಕೆ ಅಧ್ಯಕ್ಷರಿದ್ದಾರೆ, ಸಂಸತ್ತಿದೆ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿಯಿದೆ. ಸಾವಿನ ಲೆಕ್ಕವೂ ಬೇರೆಯಾಗಿ ಸಿಗುತ್ತದೆ.

ಆ ಲೆಕ್ಕ ಮೊದಲ ನೋಟಕ್ಕೆ ದಾರಿ ತಪ್ಪಿಸುತ್ತದೆ. ಅಲ್ಲಿಂದಲೇ ಶುರುಮಾಡೋಣ.

ಸಾವಿನ ದರ ಹೇಳದೆ ಬಿಡುವ ಮಾತು

ಸಾವಿನ ದರ ಅಂದರೆ ಒಂದು ವರ್ಷದಲ್ಲಿ ಸಾವಿರ ಜನರಿಗೆ ಎಷ್ಟು ಸಾವು ಅನ್ನುವ ಲೆಕ್ಕ. ನೌರುವಿನಲ್ಲಿ ಅದು ಸಾವಿರಕ್ಕೆ 6–7ರ ಆಸುಪಾಸು. ಜಪಾನಿನಲ್ಲಿ 12ಕ್ಕೂ ಜಾಸ್ತಿ. ಇಷ್ಟನ್ನೇ ನೋಡಿದರೆ ನೌರುವಿನವರು ಜಪಾನಿನವರಿಗಿಂತ ಎರಡು ಪಟ್ಟು ಗಟ್ಟಿ ಅನ್ನಬೇಕಾಗುತ್ತದೆ. ನಿಜ ಸಂಗತಿ ತದ್ವಿರುದ್ಧ. ಜಪಾನಿನವರ ಸರಾಸರಿ ಆಯಸ್ಸು 84ರ ಹತ್ತಿರ. ನೌರುವಿನವರದು 60ರ ಸುತ್ತಮುತ್ತ.

ಇದು ಹೇಗೆ? ಜಪಾನಿನಲ್ಲಿ ಮುದುಕರು ತುಂಬಿದ್ದಾರೆ. ಮುದುಕರು ಸಾಯುತ್ತಾರೆ. ನೌರುವಿನಲ್ಲಿ ಮಕ್ಕಳು, ಹುಡುಗರು ತುಂಬಿದ್ದಾರೆ. ಹುಡುಗರು ಅಷ್ಟು ಸುಲಭವಾಗಿ ಸಾಯುವುದಿಲ್ಲ. ನಮ್ಮ ದೇಶದೊಳಗೂ ಇದೇ ಚಿತ್ರ ಇದೆ. 2020ರ ಮಾದರಿ ನೋಂದಣಿ (ಆಯ್ದ ಊರುಗಳಲ್ಲಿ ಹುಟ್ಟು ಸಾವು ಎಣಿಸುವ ಸರ್ಕಾರಿ ಸಮೀಕ್ಷೆ) ಲೆಕ್ಕದಲ್ಲಿ ಕೇರಳದ ಸಾವಿನ ದರ 7, ಬಿಹಾರದ್ದು 5.4. ಇದನ್ನು ನೋಡಿ ಆರೋಗ್ಯದಲ್ಲಿ ಬಿಹಾರ ಮುಂದಿದೆ ಅಂತ ಯಾರೂ ಹೇಳುವುದಿಲ್ಲ. ಕೇರಳದಲ್ಲಿ ವಯಸ್ಸಾದವರು ಜಾಸ್ತಿ, ಅದಕ್ಕೆ ದರ ಜಾಸ್ತಿ.

ನೌರುವಿನಲ್ಲಿ ಇನ್ನೊಂದು ತೊಡಕೂ ಇತ್ತು. ಅಲ್ಲಿನ ಫಾಸ್ಫೇಟ್ (ಗೊಬ್ಬರಕ್ಕೆ ಬಳಸುವ ಖನಿಜ) ಗಣಿಯ ಕೆಲಸಕ್ಕೆ ಕಿರಿಬಾಸ್, ತುವಾಲು ದ್ವೀಪಗಳಿಂದ ಕೂಲಿಯವರು ಬಂದು ವರ್ಷಗಟ್ಟಲೆ ಇರುತ್ತಿದ್ದರು. ದುಡಿಯುವ ಪ್ರಾಯದವರು, ಗಟ್ಟಿ ಮೈಯವರು. ಅವರನ್ನೂ ಸೇರಿಸಿ ಭಾಗಿಸಿದರೆ ದೇಶದ ಸಾವಿನ ದರ ಇಳಿಯುತ್ತದೆ. ಗಣಿ ಕುಸಿದ ಮೇಲೆ, 2006ರ ಸುಮಾರಿಗೆ, ಅವರಲ್ಲಿ ಬಹಳಷ್ಟು ಜನರನ್ನು ಊರಿಗೆ ಕಳಿಸಿದರು. ಹತ್ತು ಸಾವಿರದಷ್ಟು ಜನರ ದೇಶದಲ್ಲಿ ಇಂಥ ಒಂದು ಹಡಗು ಹೊರಟರೆ ಸಾಕು, ಯಾರ ಆರೋಗ್ಯವೂ ಬದಲಾಗದೆ ದರ ಬದಲಾಗುತ್ತದೆ.

ಎಣಿಕೆ ಚಿಕ್ಕದಾದಷ್ಟೂ ಕಷ್ಟ ಜಾಸ್ತಿ. ನಮ್ಮ ಬಿತ್ರ ದ್ವೀಪವನ್ನೇ ತೆಗೆದುಕೊಳ್ಳಿ. 2011ರ ಗಣತಿಯಲ್ಲಿ ಅಲ್ಲಿದ್ದವರು 271 ಜನ. ಒಬ್ಬರು ತೀರಿಕೊಂಡರೆ ದರ ಸಾವಿರಕ್ಕೆ 3.7. ಇಬ್ಬರಾದರೆ 7.4. ಯಾರೂ ತೀರಿಕೊಳ್ಳದ ವರ್ಷ ಸೊನ್ನೆ. ಒಬ್ಬ ಅಜ್ಜ ಡಿಸೆಂಬರ್ ಕೊನೆಯಲ್ಲಿ ಹೋಗುವ ಬದಲು ಜನವರಿಯಲ್ಲಿ ಹೋದರೆ ಎರಡು ವರ್ಷದ ಅಂಕಿಅಂಶವೂ ತಲೆಕೆಳಗು. ನೌರುವಿನಲ್ಲಿ ವರ್ಷಕ್ಕೆ 75 ಸಾವು ಅಂತ ಇಟ್ಟುಕೊಳ್ಳಿ. ಏನೊಂದೂ ಬದಲಾಗದಿದ್ದರೂ ಒಂದು ವರ್ಷ 60, ಇನ್ನೊಂದು ವರ್ಷ 90 ಆಗುವುದು ತೀರಾ ಸಹಜ. ನಾಣ್ಯ ಹತ್ತು ಸಲ ಚಿಮ್ಮಿದರೆ ಪ್ರತಿ ಸಲವೂ ಐದೇ ತಲೆ ಬೀಳುವುದಿಲ್ಲವಲ್ಲ, ಹಾಗೆ.

ಹೆರಿಗೆಯಲ್ಲಿ ಸಾಯುವ ತಾಯಂದಿರ ಲೆಕ್ಕವನ್ನು ಲಕ್ಷ ಹೆರಿಗೆಗೆ ಇಷ್ಟು ಅಂತ ಹೇಳುತ್ತಾರೆ. ನೌರುವಿನಲ್ಲಿ ವರ್ಷಕ್ಕೆ ಹುಟ್ಟುವುದೇ ಸುಮಾರು 300 ಮಕ್ಕಳು. ಒಬ್ಬ ತಾಯಿ ತೀರಿಕೊಂಡರೆ ಲೆಕ್ಕದಲ್ಲಿ 333 ಅಂತ ಬರುತ್ತದೆ. ಭಾರತದ್ದು 2018–20ರಲ್ಲಿ 97 ಇತ್ತು. ಮರುವರ್ಷ ಯಾರೂ ಸಾಯದಿದ್ದರೆ ನೌರುವಿನದು ಸೊನ್ನೆ, ಜಗತ್ತಿನಲ್ಲೇ ಉತ್ತಮ. ಎರಡೂ ಸುಳ್ಳಲ್ಲ, ಆದರೆ ಎರಡನ್ನೂ ನಂಬಿ ಏನೂ ಮಾಡಲಾಗುವುದಿಲ್ಲ. ಹಾಗಾಗಿ ಇಂಥ ಕಡೆ ಐದು ವರ್ಷದ ಸಾವುಗಳನ್ನು ಒಟ್ಟು ಸೇರಿಸಿ ನೋಡುತ್ತಾರೆ. ನಮ್ಮ ಸಣ್ಣ ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳ ಶಿಶು ಮರಣ ದರವನ್ನು ಕೂಡ ಮೂರು ವರ್ಷದ ಸರಾಸರಿಯಲ್ಲೇ ಪ್ರಕಟಿಸುತ್ತಾರೆ.

ಹೀಗೆ ಒಟ್ಟು ಸೇರಿಸುವುದಕ್ಕೆ ಇನ್ನೂ ಒಂದು ಕಾರಣ ಇದೆ. ಅದು ನನ್ನ ಮಟ್ಟಿಗೆ ಬಹಳ ಮುಖ್ಯ. '30ರಿಂದ 35ರ ಒಳಗಿನ ಹೆಂಗಸು, ಆತ್ಮಹತ್ಯೆ, ಒಂದು' ಅಂತ ಪಟ್ಟಿಯಲ್ಲಿ ಹಾಕಿದರೆ ಬೆಂಗಳೂರಿನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹನ್ನೊಂದು ಸಾವಿರ ಜನರ ದ್ವೀಪದಲ್ಲಿ ಅದು ಹೆಸರು ಹೇಳಿದ ಹಾಗೆಯೇ. ಅವಳ ಮಕ್ಕಳು ಶಾಲೆಗೆ ಹೋಗಬೇಕು. ಅಂಕಿಗಳ ಹಿಂದೆ ಮನುಷ್ಯರಿರುತ್ತಾರೆ ಅಂತ ನಾವು ಮಾತಿಗೆ ಹೇಳುತ್ತೇವೆ. ಅಲ್ಲಿ ಅವರು ಅಂಕಿಯ ಮುಂದೆಯೇ ನಿಂತಿರುತ್ತಾರೆ.

ದರ ಹೀಗೆ ತೂಗಾಡುತ್ತದೆ. ಆದರೆ ಕಾರಣಗಳು ತೂಗಾಡುವುದಿಲ್ಲ. ನೂರು ವರ್ಷದ ಕಾರಣಗಳನ್ನು ಒಂದರ ಪಕ್ಕ ಒಂದು ಇಟ್ಟರೆ ನೌರುವಿನ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

1,500 ಜನ ಬೇಕು

19ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ನೌರುವಿಗೆ ಬಂದು ಹೋಗುತ್ತಿದ್ದವು. ಅವು ಬಂದೂಕು ತಂದವು, ಹೆಂಡ ತಂದವು. ಹಿಂದೆಯೂ ಅಲ್ಲಿನ ಹನ್ನೆರಡು ಕುಲಗಳ ನಡುವೆ ಜಗಳ ಇದ್ದಿರಬಹುದು. ಆದರೆ ಬಂದೂಕು ಕೈಗೆ ಬಂದ ಮೇಲೆ ಜಗಳ ಯುದ್ಧವಾಯಿತು. ಹತ್ತು ವರ್ಷ ನಡೆಯಿತು. 1888ರಲ್ಲಿ ಜರ್ಮನಿಯವರು ಬಂದು ದ್ವೀಪವನ್ನು ವಶಪಡಿಸಿಕೊಂಡಾಗ ಉಳಿದಿದ್ದವರು ಹೆಚ್ಚುಕಡಿಮೆ 900 ಜನ. ಅದಕ್ಕೆ ಮೊದಲು 1,400ರಷ್ಟಿದ್ದರು.

ಆಮೇಲೆ ಫಾಸ್ಫೇಟ್ ಸಿಕ್ಕಿತು. 20ನೇ ಶತಮಾನದ ಮೊದಲ ದಶಕದಲ್ಲೇ ಗಣಿಗಾರಿಕೆ ಶುರು. ಹಡಗುಗಳ ಓಡಾಟ ಹೆಚ್ಚಿತು, ಅವುಗಳ ಜೊತೆ ಕಾಯಿಲೆಯೂ ಬಂತು. 1920ರಲ್ಲಿ ಬಂದ ಇನ್‌ಫ್ಲುಯೆಂಜಾ ನೌರುವಿನ ಮೂಲ ಜನರಲ್ಲಿ ನೂರಕ್ಕೆ 18 ಜನರನ್ನು ಒಯ್ದಿತು. ಅದರ ಬೆನ್ನಿಗೆ ಕುಷ್ಠರೋಗ. ಅದು ಎಷ್ಟು ವೇಗವಾಗಿ ಹರಡಿತೆಂದರೆ ಆ ದಶಕ ಮುಗಿಯುವುದರೊಳಗೆ ಮೂವರಲ್ಲಿ ಒಬ್ಬರಿಗೆ ಬಂದಿತ್ತು.

ಹೊರಗಿನ ರೋಗವನ್ನು ಹಿಂದೆಂದೂ ಕಾಣದ ದ್ವೀಪದಲ್ಲಿ ಅದು ಏನು ಮಾಡುತ್ತದೆ, ಬಾಗಿಲು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಪೆಸಿಫಿಕ್ಕಿನದೇ ಇನ್ನೊಂದು ದ್ವೀಪಸಮೂಹ ಸಮೋವದ ಉದಾಹರಣೆ ನೋಡಬೇಕು. 1918ರ ನವೆಂಬರಿನಲ್ಲಿ ತಲೂನೆ ಎಂಬ ಹಡಗು ಆಕ್ಲೆಂಡಿನಿಂದ ಬಂದು ಪಶ್ಚಿಮ ಸಮೋವದ ಅಪಿಯಾ ಬಂದರಿಗೆ ನಿಂತಿತು. ಹಡಗಿನಲ್ಲಿ ಜ್ವರದವರಿದ್ದರು. ಅಲ್ಲಿ ಆಡಳಿತ ನಡೆಸುತ್ತಿದ್ದ ನ್ಯೂಜಿಲೆಂಡ್ ಅಧಿಕಾರಿಗಳು ತಡೆಯಲಿಲ್ಲ. ವಾರಗಳೊಳಗೆ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಜಾಸ್ತಿ, ಸುಮಾರು 8,500 ಜನ ಸತ್ತರು. ಪಕ್ಕದಲ್ಲೇ ಇರುವುದು ಅಮೆರಿಕನ್ ಸಮೋವ. ಅಲ್ಲಿನ ಗವರ್ನರ್ ಜಾನ್ ಪೋಯರ್ ಹಡಗುಗಳನ್ನು ಹೊರಗೇ ನಿಲ್ಲಿಸಿದರು. ಅಲ್ಲಿ ಒಂದು ಸಾವೂ ಆಗಲಿಲ್ಲ. ಒಂದೇ ಭಾಷೆ, ಒಂದೇ ರಕ್ತ, ಒಂದೇ ಊಟ. ವ್ಯತ್ಯಾಸ ಇದ್ದದ್ದು ಬಂದರಿನ ಆಜ್ಞೆಯಲ್ಲಿ ಮಾತ್ರ.

ನೌರುವಿಗೆ ಮರಳೋಣ. ಜ್ವರದ ಹೊಡೆತದ ನಂತರ ಒಂದು ಮಾತು ಹುಟ್ಟಿಕೊಂಡಿತು. ಈ ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಜನ ಬೇಕು ಅಂತ. ಎಲ್ಲರೂ ಎಣಿಸುತ್ತಾ ಕುಳಿತರು. 1932ರ ಅಕ್ಟೋಬರ್ 26ರಂದು 1,500ನೆಯ ಮಗು ಹುಟ್ಟಿತು. ಆ ದಿನವನ್ನು ಇವತ್ತಿಗೂ 'ಅಂಗಾಮ್ ದಿನ' ಎಂದು ಆಚರಿಸುತ್ತಾರೆ. ಅಂಗಾಮ್ ಅಂದರೆ ಮನೆ ಸೇರಿದೆವು ಅನ್ನುವ ಅರ್ಥ. ಒಂದು ಮಗು ಹುಟ್ಟಿದ್ದಕ್ಕೆ ಇಡೀ ದೇಶ ಹಬ್ಬ ಮಾಡಿದ್ದು ನನಗೆ ಬೇರೆಲ್ಲೂ ಕಂಡಿಲ್ಲ.

ಹತ್ತು ವರ್ಷ ತುಂಬುವುದರೊಳಗೆ ಯುದ್ಧ ಬಂತು. 1942ರಲ್ಲಿ ಜಪಾನಿ ಸೇನೆ ದ್ವೀಪವನ್ನು ಹಿಡಿಯಿತು. 1943ರ ಜುಲೈಯಲ್ಲಿ 39 ಕುಷ್ಠರೋಗಿಗಳನ್ನು ದೋಣಿಗೆ ಹತ್ತಿಸಿ, ಸಮುದ್ರದ ನಡುವೆ ಮುಳುಗಿಸಿ ಕೊಂದರು. ಸುಮಾರು 1,200 ನೌರು ಜನರನ್ನು ಹಡಗಿನಲ್ಲಿ ತುಂಬಿ ಪೆಸಿಫಿಕ್ಕಿನಲ್ಲೇ ಜಪಾನಿನ ಹಿಡಿತದಲ್ಲಿದ್ದ ಚೂಕ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಅಲ್ಲಿ ಹಸಿವು, ರೋಗ, ಬಾಂಬು. 1946ರ ಜನವರಿ 31ರಂದು ಬದುಕಿ ಮನೆಗೆ ಮರಳಿದವರು 737. ಜನಸಂಖ್ಯೆ ಮತ್ತೆ 1,500ಕ್ಕಿಂತ ಕೆಳಗೆ ಇಳಿದಿತ್ತು. ಎರಡನೇ ಅಂಗಾಮ್ ಮಗುವಿಗಾಗಿ 1949ರ ತನಕ ಕಾಯಬೇಕಾಯಿತು. 1968ರಲ್ಲಿ ಸ್ವಾತಂತ್ರ್ಯ ಬಂದಾಗ ಅವರು ಆರಿಸಿಕೊಂಡ ದಿನವೂ ಜನವರಿ 31.

ಈ ತನಕದ ಸಾವುಗಳಿಗೆ ಕಾರಣ ಹೇಳುವುದು ಕಷ್ಟವಲ್ಲ. ಬಂದೂಕು, ಜ್ವರ, ಕುಷ್ಠ, ಸೈನ್ಯ. ಎಲ್ಲವೂ ಹೊರಗಿನಿಂದ ಬಂದವು ಅಂತ ಯಾರೂ ಒಪ್ಪುತ್ತಾರೆ. ಮುಂದಿನ ಕಾರಣದ ವಿಷಯಕ್ಕೆ ಬಂದ ಕೂಡಲೇ ಜಗತ್ತು ತನ್ನ ಮಾತು ಬದಲಿಸುತ್ತದೆ. ತಪ್ಪು ಅವರದ್ದೇ ಅನ್ನುತ್ತದೆ.

ಶುಗರ್

ಸ್ವಾತಂತ್ರ್ಯ ಬಂದ ಮೇಲೆ ಫಾಸ್ಫೇಟಿನ ದುಡ್ಡು ಮೊದಲ ಬಾರಿ ನೌರುವಿನವರ ಕೈ ಸೇರಿತು. 1970ರ ದಶಕದಲ್ಲಿ ತಲಾ ಆದಾಯದ ಲೆಕ್ಕದಲ್ಲಿ ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿದ್ದರು. ತೆರಿಗೆ ಇಲ್ಲ. ಆಸ್ಪತ್ರೆಗೆ ದುಡ್ಡು ಕೊಡಬೇಕಿಲ್ಲ. ಶಾಲೆಗೂ ಕೊಡಬೇಕಿಲ್ಲ. ಇಂಥ ಕಡೆ ಆಯಸ್ಸು ಏರಬೇಕು.

ಏರಲಿಲ್ಲ. 1970ರ ದಶಕದ ಕೊನೆಯ ಸಾವುಗಳನ್ನು ಲೆಕ್ಕ ಹಾಕಿದಾಗ ಗಂಡಸರ ಸರಾಸರಿ ಆಯಸ್ಸು 50ರ ಸುತ್ತಮುತ್ತ, ಹೆಂಗಸರದು 60ರ ಆಚೀಚೆ ಬಂತು. 2002ರಿಂದ 2007ರವರೆಗಿನ ಸಾವುಗಳನ್ನು ಮತ್ತೆ ಲೆಕ್ಕ ಹಾಕಿದಾಗಲೂ ಗಂಡಸರದು 52–53, ಹೆಂಗಸರದು 58. ಒಂದು ತಲೆಮಾರು ಕಳೆದರೂ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಡ ದೇಶಗಳಲ್ಲಿ ಸರಾಸರಿ ಆಯಸ್ಸು ಕಡಿಮೆ ಇರುವುದು ಸಾಮಾನ್ಯವಾಗಿ ಹಸುಗೂಸುಗಳು ಸಾಯುವುದರಿಂದ. ಐದು ವರ್ಷ ದಾಟಿದ ಮಗು ಅಲ್ಲೂ ಅರವತ್ತು ಎಪ್ಪತ್ತು ಕಾಣುತ್ತದೆ. ನೌರುವಿನಲ್ಲಿ ಹಾಗಲ್ಲ. ಅಲ್ಲಿ ಮಕ್ಕಳ ಸಾವು ಕಡಿಮೆಯಾಯಿತು. ಸಾವು ದೊಡ್ಡವರ ಕಡೆ ಸರಿಯಿತು. ಮನೆ ನಡೆಸುವ, ಮೀನು ಹಿಡಿಯುವ, ಪಾಠ ಹೇಳುವ ಪ್ರಾಯದವರು, ಮೂವತ್ತರಿಂದ ಅರವತ್ತರ ನಡುವಿನವರು ಸತ್ತರು. ಯುವಕರಲ್ಲಿ ಕೆಲವರು ರಸ್ತೆ ಅಪಘಾತದಲ್ಲಿ ಹೋದರು. ದ್ವೀಪದಲ್ಲಿ ಮುಖ್ಯ ರಸ್ತೆ ಅಂತ ಇರುವುದು ಸುತ್ತ ಬರುವ ಒಂದೇ, 19 ಕಿಲೋಮೀಟರ್. ಫಾಸ್ಫೇಟಿನ ದುಡ್ಡಿನಲ್ಲಿ ವೇಗದ ಗಾಡಿಗಳು ಬಂದಿದ್ದವು. ಉಳಿದವರು ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ವೈಫಲ್ಯ, ಮಾಗದ ಗಾಯದಿಂದ ಏರಿದ ನಂಜು ಇಂಥವುಗಳಲ್ಲಿ ಹೋದರು. ಇವುಗಳ ಬೇರು ಒಂದೇ. ನಮ್ಮ ಮನೆಗಳಲ್ಲಿ ನಾವು 'ಶುಗರ್' ಅಂತ ಕರೆಯುವ ಮಧುಮೇಹ.

ಆಸ್ಟ್ರೇಲಿಯಾದ ವೈದ್ಯ ಪಾಲ್ ಝಿಮ್ಮೆಟ್ ಮತ್ತು ಅವರ ತಂಡ 1975ರಲ್ಲಿ ನೌರುವಿಗೆ ಹೋಗಿ ಜನರ ರಕ್ತ ಪರೀಕ್ಷೆ ಮಾಡಿತು. ದೊಡ್ಡವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಧುಮೇಹ ಇತ್ತು. ಜಗತ್ತು ಅಲ್ಲಿಯವರೆಗೆ ಅಂಥ ಸಂಖ್ಯೆಯನ್ನು ಬಹಳ ಅಪರೂಪಕ್ಕೆ ಕಂಡಿತ್ತು. ಮುಂದಿನ ಇಪ್ಪತ್ತು ವರ್ಷ ನೌರು ಮಧುಮೇಹದ ಪಠ್ಯಪುಸ್ತಕಗಳ ಉದಾಹರಣೆಯಾಯಿತು.

ಈಗಿನ ಅಂದಾಜುಗಳಲ್ಲಿ ಅದು ನಾಲ್ವರಲ್ಲಿ ಒಬ್ಬರ ಹತ್ತಿರಕ್ಕೆ ಇಳಿದಿದೆ. ಸಂತೋಷಪಡಬಹುದೇ? ಅವಸರ ಬೇಡ. ಕೆರೆಯಲ್ಲಿ ನೀರು ಕಡಿಮೆಯಾದರೆ ಕಾಲುವೆಯಲ್ಲಿ ಬರುವ ನೀರು ಕಡಿಮೆಯಾಗಿರಬಹುದು. ಇಲ್ಲವೇ ತೂಬಿನಲ್ಲಿ ಹೋಗುವ ನೀರು ಜಾಸ್ತಿಯಾಗಿರಬಹುದು. ಮಧುಮೇಹ ಇರುವವರ ಸಂಖ್ಯೆಯೂ ಹಾಗೆ. ಹೊಸಬರು ಕಡಿಮೆಯಾದರೂ ಅದು ಇಳಿಯುತ್ತದೆ, ಇದ್ದವರು ಬೇಗ ಸತ್ತರೂ ಇಳಿಯುತ್ತದೆ. ಕಾಯಿಲೆಯ ಲೆಕ್ಕ ಒಂದೇ ಸಾಲದು. ಅದರ ಪಕ್ಕದಲ್ಲಿ ಸಾವಿನ ಲೆಕ್ಕವನ್ನೂ ಇಟ್ಟುಕೊಂಡೇ ಓದಬೇಕು.

ಆ ಸಾವಿನ ಲೆಕ್ಕದಲ್ಲೂ ಮಧುಮೇಹ ಅಡಗಿ ಕೂರುತ್ತದೆ. ನಮ್ಮ ಅಜ್ಜಿಗೆ ಇಪ್ಪತ್ತು ವರ್ಷ ಶುಗರ್ ಇತ್ತು. ಕೊನೆಗೆ ಕಿಡ್ನಿ ಹೋಯಿತು, ಕಾಲಿನ ಬೆರಳು ಕಪ್ಪಾಯಿತು. ಆಸ್ಪತ್ರೆ ಕೊಟ್ಟ ಕಾಗದದಲ್ಲಿ ಇದ್ದದ್ದು ಎರಡೇ ಪದ: ಹೃದಯ ಸ್ತಂಭನ. ಹೃದಯ ನಿಲ್ಲದೆ ಯಾರಾದರೂ ಸಾಯುತ್ತಾರೆಯೇ? ನಮ್ಮಲ್ಲಿ ಆಸ್ಪತ್ರೆಗಳು ತುಂಬುವ ಫಾರ್ಮ್ 4ರಲ್ಲಿ ಇದಕ್ಕೆಂದೇ ಸಾಲುಗಳಿವೆ. ಮೊದಲ ಸಾಲಿನಲ್ಲಿ ಕೊನೆ ಗಳಿಗೆಯಲ್ಲಿ ಏನಾಯಿತು ಅನ್ನುವುದು. ಅದರ ಕೆಳಗೆ ಅದು ಯಾವುದರಿಂದ ಆಯಿತು. ಇನ್ನೂ ಕೆಳಗೆ ಅದರ ಮೂಲ. ಮೊದಲ ಸಾಲು ತುಂಬಿ ಉಳಿದದ್ದನ್ನು ಖಾಲಿ ಬಿಟ್ಟರೆ ಮಧುಮೇಹದ ಸಾವು ಹೃದಯದ ಖಾತೆಗೆ ಹೋಗುತ್ತದೆ. ನೌರುವಿನ ಸಾವುಗಳನ್ನು ಅಧ್ಯಯನ ಮಾಡಿದವರು ಮರಣ ಪತ್ರದ ಜೊತೆಗೆ ಬೇರೆ ದಾಖಲೆಗಳನ್ನೂ ತೆಗೆದು ಕೂಡಿಸಿ ನೋಡಿದ್ದು ಇದೇ ಕಾರಣಕ್ಕೆ.

ಇನ್ನು ಕೆಲವು ಸಾವುಗಳು ದ್ವೀಪದಲ್ಲಿ ಆಗುವುದೇ ಇಲ್ಲ. ಅಲ್ಲಿರುವುದು ಒಂದು ಆಸ್ಪತ್ರೆ. ದೊಡ್ಡ ಚಿಕಿತ್ಸೆ ಬೇಕಾದರೆ ವಿಮಾನದಲ್ಲಿ ಬೇರೆ ದೇಶಕ್ಕೆ ಕಳಿಸಬೇಕು. ಲಕ್ಷದ್ವೀಪದಿಂದ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಕರೆತಂದ ರೋಗಿ ಅಲ್ಲೇ ತೀರಿಕೊಂಡರೆ ಆ ಸಾವನ್ನು ನೋಂದಾಯಿಸುವುದು ಕೊಚ್ಚಿಯಲ್ಲಿ. ನೌರುವಿನ ಮಟ್ಟಿಗೆ ನಡುವೆ ಒಂದು ಅಂತಾರಾಷ್ಟ್ರೀಯ ಗಡಿಯೇ ಇದೆ. ಅತಿ ಹೆಚ್ಚು ಕಾಯಿಲೆ ಬಿದ್ದವರೇ ಹೊರಗೆ ಹೋಗುವವರು. ಅವರ ಸಾವು ಮನೆಯ ಪುಸ್ತಕಕ್ಕೆ ಮರಳಿ ಬರದಿದ್ದರೆ ಲೆಕ್ಕ ನಿಜಕ್ಕಿಂತ ಚೆಂದ ಕಾಣುತ್ತದೆ.

ಜೀನು, ಜಿಡ್ಡು, ಹುಲ್ಲು

ಇಷ್ಟು ಮಧುಮೇಹ ಯಾಕೆ? 1962ರಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ಒಂದು ಊಹೆ ಮುಂದಿಟ್ಟಿದ್ದರು. ಹಸಿವಿನ ಕಾಲ ದಾಟಿ ಬಂದವರ ದೇಹ ಸಿಕ್ಕಿದ್ದನ್ನೆಲ್ಲ ಕೊಬ್ಬಾಗಿ ಕೂಡಿಟ್ಟುಕೊಳ್ಳುವುದನ್ನು ಕಲಿತಿರುತ್ತದೆ. ಅಂಥವರಿಗೆ ದಿನಾ ಹೊಟ್ಟೆ ತುಂಬ ಊಟ ಸಿಕ್ಕರೆ ಆ ಗುಣವೇ ಮುಳುವಾಗುತ್ತದೆ ಅಂತ. ದೂರದ ಸಮುದ್ರ ದಾಟಿ ಬಂದ ದ್ವೀಪವಾಸಿಗಳಿಗೆ ಈ ಮಾತು ಚೆನ್ನಾಗಿ ಹೊಂದಿದಂತೆ ಕಂಡಿತು. ನೌರುವನ್ನು ಅದಕ್ಕೆ ಸಾಕ್ಷಿಯಾಗಿ ಎಷ್ಟೋ ಕಡೆ ಬಳಸಿದರು.

ಸಾಕ್ಷಿ ಅಷ್ಟು ಗಟ್ಟಿಯಿಲ್ಲ. 2016ರಲ್ಲಿ ಸಮೋವದ ಜನರಲ್ಲಿ ಒಂದು ಜೀನ್ ರೂಪ ಪತ್ತೆಯಾಯಿತು. ಅದು ಇದ್ದವರ ಮೈತೂಕ ಖಂಡಿತ ಜಾಸ್ತಿ. ಆದರೆ ಅದೇ ಜೀನ್ ಇದ್ದವರಿಗೆ ಮಧುಮೇಹ ಬರುವ ಸಾಧ್ಯತೆ ಕಡಿಮೆ! ಮೈ ದಪ್ಪ ಮಾಡುವ ಜೀನು ಸಿಕ್ಕಿತು, ಆದರೆ ಅದು ಮಧುಮೇಹದ ವಿರುದ್ಧ ದಿಕ್ಕಿಗೆ ತೋರಿಸಿತು. ರಕ್ತದಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ರಕ್ತದ ಅಜ್ಜ ಅಜ್ಜಿಯರು ಆ ಕಾಯಿಲೆಯಿಂದ ಹೀಗೆ ಸಾಲುಸಾಲಾಗಿ ಸಾಯುತ್ತಿರಲಿಲ್ಲ ಅಂತ ಹೇಳುತ್ತಿದ್ದೇನೆ. ಮೂರು ತಲೆಮಾರಿನಲ್ಲಿ ಜೀನ್ ಬದಲಾಗುವುದಿಲ್ಲ. ಬದಲಾಗಿದ್ದು ನೆಲ.

ಹಿಂದೆ ನೌರುವಿನವರ ಊಟ ಮೀನು, ತೆಂಗು, ಕೇದಗೆಯ ಜಾತಿಯ ಹಣ್ಣು. ಅವರಲ್ಲಿ ಒಂದು ಅದ್ಭುತ ಪದ್ಧತಿ ಇತ್ತು. ಸಮುದ್ರದಂಚಿನ ಬಂಡೆಗಳ ಮೇಲೆ ಸಿಗುವ ಹೂಮೀನಿನ ಮರಿಗಳನ್ನು ಹಿಡಿದು ತಂದು, ದ್ವೀಪದ ನಡುವಿನ ಬುವಾಡ ಕೊಳದಲ್ಲಿ ಬಿಟ್ಟು ಸಾಕುತ್ತಿದ್ದರು. ಅವರ ಭಾಷೆಯಲ್ಲಿ ಆ ಮೀನು ಇಬಿಯಾ. ಕೊಳವನ್ನು ಮನೆತನಗಳು ಪಾಲು ಮಾಡಿಕೊಂಡಿದ್ದವು. ಸಮುದ್ರ ಕೆಟ್ಟಾಗ, ಬರ ಬಂದಾಗ ಅದೇ ಆಸರೆ. 1960ರ ದಶಕದಲ್ಲಿ ಹೊರಗಿನಿಂದ ತಿಲಾಪಿಯ ಮೀನು ತಂದು ಬಿಟ್ಟರು. ಅದು ಇಬಿಯಾದ ಜಾಗವನ್ನು ತಿಂದು ಹಾಕಿತು. ಸಾಕಣೆ ನಿಂತುಹೋಯಿತು.

ಗಣಿ ಉಳಿದದ್ದನ್ನು ಮುಗಿಸಿತು. ದ್ವೀಪದ ನೂರಕ್ಕೆ 80ರಷ್ಟು ಭಾಗವನ್ನು ಅಗೆದು ಫಾಸ್ಫೇಟ್ ತೆಗೆದರು. ಅಲ್ಲಿ ಈಗ ಮಣ್ಣಿಲ್ಲ. ಆಳೆತ್ತರಕ್ಕಿಂತ ಎತ್ತರದ ಸುಣ್ಣಕಲ್ಲಿನ ಮೊನೆಗಳು ಹಲ್ಲಿನ ಸಾಲಿನ ಹಾಗೆ ನಿಂತಿವೆ. ಬೇಸಾಯ ಬಿಡಿ, ನಡೆಯಲೂ ಆಗದ ಜಾಗ. ಜನರೆಲ್ಲ ಕರಾವಳಿಯ ಸಣ್ಣ ಪಟ್ಟಿಯಲ್ಲಿ ವಾಸ. ತಿನ್ನುವುದೆಲ್ಲ ಹಡಗಿನಲ್ಲಿ ಬರಬೇಕು. ಹಡಗಿನಲ್ಲಿ ವಾರಗಟ್ಟಲೆ ಕೆಡದೆ ಉಳಿಯುವುದು ಯಾವುದು? ಬಿಳಿ ಅಕ್ಕಿ, ಮೈದಾ, ಸಕ್ಕರೆ, ಡಬ್ಬಿಯ ಮಾಂಸ, ನೂಡಲ್ಸ್, ತಂಪು ಪಾನೀಯ. ಸೊಪ್ಪು ಬರುವುದು ಅಪರೂಪ, ಬಂದರೆ ದುಬಾರಿ. ಸಿಗರೇಟೂ ಹಾಗೇ ಬರುತ್ತದೆ. ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸೇದುತ್ತಾರೆ. ಹೃದಯದ ಸಾವುಗಳಲ್ಲಿ ಅದರ ಪಾಲನ್ನು ಮರೆಯುವಂತಿಲ್ಲ.

ಆ ಫಾಸ್ಫೇಟ್ ಎಲ್ಲಿಗೆ ಹೋಯಿತು ಅನ್ನುವುದನ್ನು ನೋಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹೊಲ, ಹುಲ್ಲುಗಾವಲುಗಳಿಗೆ ಗೊಬ್ಬರವಾಗಿ ಹೋಯಿತು. ಹಲವು ದಶಕ, ತೀರಾ ಕಡಿಮೆ ಬೆಲೆಗೆ. ಆ ಹುಲ್ಲು ತಿಂದು ಕುರಿಗಳು ಬೆಳೆದವು. ಕುರಿಯ ಒಳ್ಳೆ ಮಾಂಸ ದೊಡ್ಡ ದೇಶಗಳ ಮಾರುಕಟ್ಟೆಗೆ. ಹೊಟ್ಟೆಯ ಪಕ್ಕದ ಬರೀ ಜಿಡ್ಡಿನ ತುಂಡುಗಳು ಪೆಸಿಫಿಕ್ ದ್ವೀಪಗಳಿಗೆ, ಅಗ್ಗದ ಬೆಲೆಗೆ. ದ್ವೀಪದ ಮಣ್ಣು ಹಡಗು ಹತ್ತಿ ಹೋಯಿತು, ಅದೇ ದೇಶಗಳಿಂದ ಜಿಡ್ಡಾಗಿ ಹಡಗು ಹತ್ತಿ ಬಂತು. ಇದನ್ನು ತಿಂದು ಸತ್ತವರ ಮರಣ ಪತ್ರದಲ್ಲಿ ಹೃದಯಾಘಾತ ಅಂತ ಬರೆದಿರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಮಧುಮೇಹ ಅಂತ ಬರೆದಿರಬಹುದು. ಅದಕ್ಕೂ ಕೆಳಗೆ ಇನ್ನೊಂದು ಸಾಲಿದ್ದರೆ ಫಾಸ್ಫೇಟ್ ಗಣಿ ಅಂತ ಬರೆಯಬೇಕು.

1989ರಲ್ಲಿ ನೌರು, ಸ್ವಾತಂತ್ರ್ಯಕ್ಕೆ ಮೊದಲು ತನ್ನ ಆಡಳಿತ ನಡೆಸಿದ್ದ ಆಸ್ಟ್ರೇಲಿಯಾದ ಮೇಲೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನೆಲ ಹಾಳು ಮಾಡಿದ್ದಕ್ಕೆ ಪರಿಹಾರ ಕೇಳಿತು. 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಆ ಮೊಕದ್ದಮೆ ನಡೆದದ್ದು ನೆಲಕ್ಕಾಗಿ. ಜನರ ಆಯಸ್ಸಿಗೆ ಬೆಲೆ ಕಟ್ಟಲು ಯಾವ ನ್ಯಾಯಾಲಯವೂ ಕೂರಲಿಲ್ಲ.

ಬಂದರಿನಲ್ಲೇ ತಡೆಯಬಹುದೇ?

ಹಡಗು ಕೆಟ್ಟದ್ದನ್ನೇ ತರುತ್ತದೆ ಅಂದರೆ ಅನ್ಯಾಯವಾಗುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸೇಂಟ್ ಕಿಲ್ಡಾ ಎಂಬ ದ್ವೀಪ ಇದೆ. 19ನೇ ಶತಮಾನದಲ್ಲಿ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದೆರಡು ವಾರದೊಳಗೆ ಧನುರ್ವಾಯುವಿನಿಂದ ಸಾಯುತ್ತಿದ್ದವು. ದೇವರ ಇಚ್ಛೆ ಅಂತ ಜನ ಸುಮ್ನೆ ಕುಳಿತಿದ್ದರು. 1890ರ ಹೊತ್ತಿಗೆ ಆಂಗಸ್ ಫಿಡ್ಡೆಸ್ ಎಂಬ ಪಾದ್ರಿ ಹೊರಗೆ ಹೋಗಿ ಸೂಲಗಿತ್ತಿ ಕೆಲಸದ ಶುಚಿತ್ವ ಕಲಿತು ಬಂದರು. ಹೊಕ್ಕುಳನ್ನು ಶುಚಿಯಾಗಿ ನೋಡಿಕೊಳ್ಳತೊಡಗಿದ ಮೇಲೆ ಮಕ್ಕಳು ಉಳಿದರು. ಅಲ್ಲಿಗೆ ಮದ್ದು ಬಂದದ್ದೂ ಹಡಗಿನಲ್ಲೇ.

ನೌರುವಿನ ಮಟ್ಟಿಗೆ ಕೊರೊನಾ ಕಾಲವೂ ಒಂದು ಪಾಠ. 1920ರ ನೆನಪಿರುವ ದೇಶ ಬೇಗ ಬಾಗಿಲು ಹಾಕಿತು, ಬಂದವರನ್ನು ಪ್ರತ್ಯೇಕ ಇಟ್ಟಿತು, ಜನರಿಗೆ ಲಸಿಕೆ ಹಾಕಿಸಿತು. 2022ರ ನಡುವಿನ ತನಕ ಊರೊಳಗೆ ಸೋಂಕು ಹರಡಲಿಲ್ಲ. ನೂರು ವರ್ಷದ ಹಿಂದೆ ಐವರಲ್ಲಿ ಒಬ್ಬರನ್ನು ಕಳೆದುಕೊಂಡ ಜನ, ಮಧುಮೇಹಿಗಳೇ ತುಂಬಿದ ಜನ, ಈ ಸಲ ಅಂಥ ಸಾಮೂಹಿಕ ಸಾವು ಕಾಣಲಿಲ್ಲ.

ಹಾಗಾದರೆ ಸಕ್ಕರೆಯನ್ನೂ ತಡೆಯಬಹುದಲ್ವಾ? ಪ್ರಯತ್ನ ನಡೆದಿದೆ. ನೌರು ಸಿಹಿ ಪದಾರ್ಥಗಳ ಆಮದಿನ ಮೇಲೆ ವಿಶೇಷ ಸುಂಕ ಹಾಕಿದೆ. ಫಿಜಿ 2000ದಲ್ಲಿ ಕುರಿಯ ಜಿಡ್ಡಿನ ತುಂಡುಗಳ ಮಾರಾಟ ನಿಲ್ಲಿಸಿತು. ಸಮೋವ 2007ರಲ್ಲಿ ಟರ್ಕಿ ಕೋಳಿಯ ಬಾಲದ ತುಂಡುಗಳನ್ನು ನಿಷೇಧಿಸಿತು. ಆದರೆ ವಿಶ್ವ ವ್ಯಾಪಾರ ಸಂಸ್ಥೆ ಸೇರಬೇಕಾದಾಗ ಸಮೋವ ಆ ನಿಷೇಧ ತೆಗೆಯಬೇಕಾಯಿತು. ರೋಗಾಣುವನ್ನು ಬಂದರಿನಲ್ಲಿ ತಡೆದರೆ ಜಗತ್ತು ಮೆಚ್ಚುತ್ತದೆ. ಜಿಡ್ಡನ್ನು ತಡೆದರೆ ವ್ಯಾಪಾರಕ್ಕೆ ಅಡ್ಡಿ ಅನ್ನುತ್ತದೆ. ಎರಡೂ ಕೊಲ್ಲುತ್ತವೆ. ಒಂದು ವಾರಗಳಲ್ಲಿ, ಇನ್ನೊಂದು ಇಪ್ಪತ್ತು ವರ್ಷದಲ್ಲಿ.

ತಡೆದರೆ ಸಾಲದು, ಬದಲಿಗೆ ತಿನ್ನಲು ಏನಾದರೂ ಬೇಕು. ಅಗೆದು ಬಿಟ್ಟ ನಡುದಿಣ್ಣೆಯನ್ನು ಸಮ ಮಾಡಿ, ಕರಾವಳಿಯ ಜನರಲ್ಲಿ ಹೆಚ್ಚಿನವರನ್ನು ಅಲ್ಲಿಗೆ ಒಯ್ಯುವ ಯೋಜನೆ ಈಗ ಇದೆ. ಸಮುದ್ರ ಏರುತ್ತಿರುವುದು ಅದಕ್ಕೆ ಕಾರಣ. ದುಡ್ಡು ಹೊಂದಿಸಲು 2025ರಲ್ಲಿ ನೌರು ತನ್ನ ಪೌರತ್ವವನ್ನೇ 1,05,000 ಅಮೆರಿಕನ್ ಡಾಲರಿಗೆ ಮಾರಾಟಕ್ಕಿಟ್ಟಿತು. ಆ ಹೊಸ ಊರಿನಲ್ಲಿ ಮನೆಗಳ ಜೊತೆ ತೋಟಕ್ಕೆ ಮಣ್ಣಿನ ಜಾಗ ಎಷ್ಟು ಸಿಗುತ್ತದೆ ಅನ್ನುವುದನ್ನು ನಾನು ಆರೋಗ್ಯದ ಪ್ರಶ್ನೆಯಾಗಿಯೇ ಕೇಳುತ್ತೇನೆ.

ತರಕಾರಿ ಅಲ್ಲಿ ಬೆಳೆಯುವುದೇ ಇಲ್ಲ ಅನ್ನುವಂತಿಲ್ಲ. ತೈವಾನಿನ ಕೃಷಿ ತಂಡವೊಂದು ಅಲ್ಲಿ ವರ್ಷಗಟ್ಟಲೆ ತರಕಾರಿ ಬೆಳೆಸಿ, ಕೋಳಿ ಸಾಕಿ ತೋರಿಸಿತ್ತು. ಶಾಲೆ ಮಕ್ಕಳ ಊಟಕ್ಕೂ ಅದರ ಬೆಳೆ ಹೋಗುತ್ತಿತ್ತು. 2024ರ ಜನವರಿಯಲ್ಲಿ ನೌರು ತೈವಾನ್ ಜೊತೆಗಿನ ರಾಜತಾಂತ್ರಿಕ ಸಂಬಂಧ ಕಡಿದುಕೊಂಡು ಚೀನಾದ ಕಡೆ ಹೋಯಿತು. ಕೃಷಿ ತಂಡ ಗಂಟುಮೂಟೆ ಕಟ್ಟಿ ಹೊರಟಿತು. ಆ ಶಾಲೆಗಳಲ್ಲಿ ಈಗ ಕುಳಿತಿರುವ ಮಕ್ಕಳು 2050ರ ಹೊತ್ತಿಗೆ ಮೂವತ್ತು ದಾಟಿರುತ್ತಾರೆ. ನೌರುವಿನಲ್ಲಿ ಸಾವು ಮನೆ ಬಾಗಿಲಿಗೆ ಬರುವ ಪ್ರಾಯ ಅದು.